ಕಳೆದುಹೋಗುವ ಪ್ಯಾಕೆಟ್‌ಗಳು, ತಪ್ಪದೆ ತಲುಪುವ ಪುಟಗಳು

ಮನೆಯ ವೈಫೈನಲ್ಲಿ ಲ್ಯಾಪ್‌ಟಾಪ್ ತೆರೆದು, ಕನ್ನಡ ವಿಕಿಪೀಡಿಯದಲ್ಲಿ 'ಹಂಪಿ' ಅಂತ ಕೊಟ್ಟು ಎಂಟರ್ ಒತ್ತುತ್ತೀರಿ. ಒಂದೆರಡು ಸೆಕೆಂಡಿನಲ್ಲಿ ಪುಟ ಬಂದಿರುತ್ತದೆ. ಅಷ್ಟರೊಳಗೆ ನಿಮ್ಮ ಲ್ಯಾಪ್‌ಟಾಪ್ ಏನೆಲ್ಲ ಮಾಡಿ ಮುಗಿಸಿದೆ ಗೊತ್ತಾ? ವಿಕಿಪೀಡಿಯ ಅನ್ನುವ ಹೆಸರಿಗೆ ವಿಳಾಸ ಹುಡುಕಿದೆ. ಸಮುದ್ರದಾಚೆಯ ಒಂದು ಕಂಪ್ಯೂಟರ್ ಜೊತೆ ಮಾತು ಶುರು ಮಾಡಿದೆ. ಆ ಮಾತು ಬೇರೆಯವರಿಗೆ ಅರ್ಥವಾಗದ ಹಾಗೆ ಬಂದೋಬಸ್ತು ಮಾಡಿಕೊಂಡಿದೆ. ಪುಟ ಕೇಳಿದೆ, ಅದು ನೂರಾರು ತುಂಡಾಗಿ ಬಂದಾಗ ಎಲ್ಲವನ್ನೂ ಸರಿಯಾಗಿ ಜೋಡಿಸಿದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ವಿಷಯ ಒಂದಿದೆ. ನಡುವೆ ಇರುವ ರೂಟರ್ (ಮಾಹಿತಿಗೆ ಮುಂದಿನ ದಾರಿ ತೋರಿಸುವ ಪೆಟ್ಟಿಗೆ), ಟವರ್, ಕೇಬಲ್ ಯಾವುದೂ ನಿಮ್ಮ ಮಾಹಿತಿಯನ್ನು ತಲುಪಿಸಿಯೇ ತೀರುತ್ತೇನೆ ಅಂತ ಮಾತು ಕೊಟ್ಟಿಲ್ಲ. ಕೈಲಾದರೆ ಮುಂದಕ್ಕೆ ಕಳಿಸುತ್ತವೆ, ಆಗದಿದ್ದರೆ ಅಲ್ಲೇ ಬಿಟ್ಟುಬಿಡುತ್ತವೆ. ಬಿಟ್ಟೆ ಅಂತ ಹೇಳುವುದೂ ಇಲ್ಲ. ಆದರೂ ನಿಮ್ಮ ಪುಟದಲ್ಲಿ ಒಂದು ಅಕ್ಷರ ಆಚೀಚೆ ಆಗುವುದಿಲ್ಲ. ಇದು ಹೇಗೆ ಸಾಧ್ಯವಾಗುತ್ತದೆ ಅನ್ನೋದು ಗೊತ್ತಾದರೆ ಇಂಟರ್ನೆಟ್ಟಿನ ಮುಕ್ಕಾಲು ಭಾಗ ಗೊತ್ತಾದ ಹಾಗೆ. ಅದಕ್ಕೇ ಈ ಒಂದು ಪುಟದ ಹಿಂದೆಯೇ ಹೋಗೋಣ.

ಅಕ್ಷರವೂ ಅಂಕಿಯೇ

ಕಂಪ್ಯೂಟರಿಗೆ ಹ, ಪ ಅನ್ನುವ ಅಕ್ಷರಗಳು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಇವನ್ನು ಬಿಟ್ ಅನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಪ್ರಪಂಚದ ಲಿಪಿಗಳ ಚಿಹ್ನೆಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೂ ಜಾಗವಿದೆ. ಅದನ್ನು ಜಾಲದಲ್ಲಿ ಕಳಿಸುವಾಗ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು.

'ಹಂಪಿ'ಯಲ್ಲಿ ನಾಲ್ಕು ಚಿಹ್ನೆಗಳಿವೆ: ಹ, ಸೊನ್ನೆ, ಪ, ಗುಡಿಸು. ಅಂದರೆ ಒಟ್ಟು ಹನ್ನೆರಡು ಬೈಟ್. ಮೊದಲನೆಯ 'ಹ' 224, 178, 185 ಅನ್ನುವ ಮೂರು ಸಂಖ್ಯೆಗಳಾಗಿ ಹೋಗುತ್ತದೆ. ಬಿಟ್‌ಗಳಲ್ಲಿ ಬರೆದರೆ 11100000 10110010 10111001. ಕನ್ನಡ ವಿಕಿಪೀಡಿಯದ ಲಿಂಕ್ ಕಾಪಿ ಮಾಡಿ ಯಾರಿಗಾದರೂ ಕಳಿಸಿದಾಗ, ಹೆಸರಿನ ಜಾಗದಲ್ಲಿ ಶೇಕಡಾ ಗುರುತು, ಇ0, ಬಿ2 ಅಂತೆಲ್ಲ ಉದ್ದಕ್ಕೆ ಬರುವುದನ್ನು ನೋಡಿರುತ್ತೀರಿ ಅಲ್ವಾ? ಲಿಂಕ್ ಕೆಟ್ಟುಹೋಗಿದೆ ಅಂತ ಅನೇಕರು ಅದನ್ನು ಅಳಿಸಿಬಿಡುತ್ತಾರೆ. ಅದು ಕೆಟ್ಟಿಲ್ಲ. ನಿಮ್ಮ ಕನ್ನಡ ಪದದ ಬೈಟ್‌ಗಳನ್ನೇ ಅಲ್ಲಿ ಹದಿನಾರರ ಎಣಿಕೆಯಲ್ಲಿ ಬಿಡಿಸಿ ಬರೆದಿದೆ: 224 ಅಂದರೆ ಇ0, 178 ಅಂದರೆ ಬಿ2.

ಈ ಬಿಟ್‌ಗಳು ತಾಮ್ರದ ತಂತಿಯಲ್ಲಿ ವಿದ್ಯುತ್ತಿನ ಏರಿಳಿತವಾಗಿ, ಗಾಜಿನ ಎಳೆಯಾದ ಫೈಬರ್‌ನಲ್ಲಿ ಬೆಳಕಿನ ಮಿಣುಕಾಗಿ, ವೈಫೈನಲ್ಲಿ ರೇಡಿಯೊ ಅಲೆಯಾಗಿ ಹೋಗುತ್ತವೆ. ಹೋಗುವ ಬಗೆ ಬೇರೆ, ಹೋಗುವ ಮಾಲು ಒಂದೇ.

ತುಂಡು ಮಾಡಿ ಕಳಿಸುವುದು ಯಾಕೆ?

ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರುತ್ತದೆ. ಹುಬ್ಬಳ್ಳಿಯಿಂದ ಬೊಂಬಾಯಿಗೆ ಕಾಲ್ ಸಿಕ್ಕಿತು ಅಂದರೆ, ನಡುವಿನ ಒಂದು ಲೈನ್ ಪೂರ್ತಿಯಾಗಿ ಆ ಇಬ್ಬರಿಗೇ ಮೀಸಲು. ಅವರು ಸುಮ್ನೆ ಕೂತರೂ ಆ ಲೈನ್ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಕಂಪ್ಯೂಟರ್‌ಗಳಿಗೆ ಈ ಪದ್ಧತಿ ಹೊಂದುವುದಿಲ್ಲ. ಅವು ಒಂದು ಕ್ಷಣ ಗಡಿಬಿಡಿಯಲ್ಲಿ ಮಾತಾಡಿ, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತವೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಪಾಲ್ ಬ್ಯಾರನ್, ಬ್ರಿಟನ್ನಿನಲ್ಲಿ ಡೊನಾಲ್ಡ್ ಡೇವಿಸ್ ಬೇರೆ ಬೇರೆಯಾಗಿ ಯೋಚಿಸಿ ಒಂದೇ ಉಪಾಯಕ್ಕೆ ಬಂದರು. ಸಂದೇಶವನ್ನು ಸಣ್ಣ ತುಂಡುಗಳಾಗಿ ಮಾಡಬೇಕು. ಪ್ರತಿ ತುಂಡಿನ ಮೇಲೂ ಎಲ್ಲಿಂದ, ಎಲ್ಲಿಗೆ ಅಂತ ಬರೆಯಬೇಕು. ಆಮೇಲೆ ಎಲ್ಲರ ತುಂಡುಗಳನ್ನೂ ಒಂದೇ ತಂತಿಯಲ್ಲಿ ಬೆರೆಸಿ ಬಿಡಬೇಕು. ಆ ತುಂಡಿಗೆ ಪ್ಯಾಕೆಟ್ ಅಂತ ಹೆಸರಿಟ್ಟವರು ಡೇವಿಸ್.

ಈ ಉಪಾಯದ ಮೇಲೆ ಕಟ್ಟಿದ, ಇವತ್ತಿನ ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲದಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಕೂತ ಚಾರ್ಲಿ ಕ್ಲೈನ್ ಅನ್ನುವ ವಿದ್ಯಾರ್ಥಿ, ಸುಮಾರು 500 ಕಿ.ಮೀ. ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ 'ಲಾಗಿನ್' ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡತೊಡಗಿದರು. ಎಲ್ ಹೋಯಿತು, ಓ ಹೋಯಿತು. ಅಷ್ಟಕ್ಕೇ ಆಚೆಯ ಕಂಪ್ಯೂಟರ್ ನಿಂತುಹೋಯಿತು. ಸುಮಾರು ಒಂದು ಗಂಟೆಯ ನಂತರ ಪೂರ್ತಿ ಪದ ತಲುಪಿತು.

ಇವತ್ತಿಗೂ ಕ್ರಮ ಅದೇ. ಮನೆಯ ಜಾಲದಲ್ಲಿ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 40 ಬೈಟ್ ವಿಳಾಸ, ಕ್ರಮಸಂಖ್ಯೆ ಮುಂತಾದ ಲೆಕ್ಕಪತ್ರಕ್ಕೆ ಹೋದರೆ, ಮಾಹಿತಿಗೆ ಉಳಿಯುವುದು 1460. ಹಂಪಿ ಪುಟ ಚಿತ್ರಗಳೂ ಸೇರಿ 5 ಲಕ್ಷ ಬೈಟ್ ಇದೆ ಅಂದುಕೊಂಡರೆ, ಅದು ಬರಲು 340ಕ್ಕೂ ಜಾಸ್ತಿ ಪ್ಯಾಕೆಟ್ ಬೇಕು.

ಮನೆಯೊಳಗೆ

ಲ್ಯಾಪ್‌ಟಾಪ್ ವೈಫೈಗೆ ಸೇರಿದ ಕೂಡಲೇ ಮಾಡುವ ಮೊದಲ ಕೆಲಸ, ಜಾಲದಲ್ಲಿ ಇರುವವರಿಗೆಲ್ಲ ಕೇಳುವ ಹಾಗೆ 'ನನಗೊಂದು ವಿಳಾಸ ಕೊಡಿ' ಅನ್ನುವುದು. ಈ ಕೂಗಿಗೆ ಮನೆಯ ರೂಟರ್ ಓಗೊಡುತ್ತದೆ. 'ನಿನ್ನ ವಿಳಾಸ 192.168.1.7. ಹೊರಗೆ ಹೋಗಬೇಕಾದರೆ ನನ್ನ ಮೂಲಕ ಹೋಗು, ನಾನು 192.168.1.1. ಹೆಸರುಗಳ ವಿಚಾರ ಇಂಥವರನ್ನು ಕೇಳು' ಅಂತ ಎಲ್ಲವನ್ನೂ ಒಟ್ಟಿಗೆ ಹೇಳುತ್ತದೆ. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಅಂತ ಹೆಸರು. ನೀವು ಒಂದು ಅಂಕಿಯನ್ನೂ ಟೈಪ್ ಮಾಡದೆ ನೆಟ್ ಶುರುವಾಗುವುದು ಇದರಿಂದಲೇ.

ಈಗ ಸಿಕ್ಕಿದ್ದು ಐಪಿ ವಿಳಾಸ. ಇದರ ಜೊತೆಗೆ ಪ್ರತಿ ವೈಫೈ ಚಿಪ್‌ಗೂ ಕಾರ್ಖಾನೆಯಲ್ಲೇ ಕೊಟ್ಟ ಇನ್ನೊಂದು ಸಂಖ್ಯೆ ಇರುತ್ತದೆ. ಅದು ಮ್ಯಾಕ್ ವಿಳಾಸ, 48 ಬಿಟ್ ಉದ್ದ. ಈಗಿನ ಫೋನ್‌ಗಳು ಗುರುತು ಸಿಗದಿರಲಿ ಅಂತ ಒಂದೊಂದು ವೈಫೈಗೆ ಒಂದೊಂದು ಮ್ಯಾಕ್ ವಿಳಾಸ ತೋರಿಸುವುದೂ ಉಂಟು. ಪಕ್ಕದ ಸಾಧನಕ್ಕೆ ಪ್ಯಾಕೆಟ್ ದಾಟಿಸಲು ಬೇಕಾಗುವುದು ಈ ವಿಳಾಸವೇ. ಹಾಗಾಗಿ ಲ್ಯಾಪ್‌ಟಾಪ್ ಮತ್ತೊಮ್ಮೆ ಕೂಗುತ್ತದೆ: '192.168.1.1 ಯಾರು? ನಿಮ್ಮ ಮ್ಯಾಕ್ ವಿಳಾಸ ಹೇಳಿ.' ಮನೆಯ ಟಿವಿ, ಫೋನು, ಪ್ರಿಂಟರ್ ಎಲ್ಲವಕ್ಕೂ ಈ ಪ್ರಶ್ನೆ ಕೇಳಿಸುತ್ತದೆ. ರೂಟರ್ ಮಾತ್ರ 'ನಾನೇ' ಅನ್ನುತ್ತದೆ. ಲ್ಯಾಪ್‌ಟಾಪ್ ಆ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ.

192.168 ಅಂತ ಶುರುವಾಗುವ ವಿಳಾಸ ನಿಮ್ಮ ಮನೆಯಲ್ಲೂ ಇದೆ, ಪಕ್ಕದ ಮನೆಯಲ್ಲೂ ಇದೆ. ಅದು ಮನೆಯೊಳಗಿನ ಬಳಕೆಗೆ ಮಾತ್ರ. ಹಳೆಯ ಪದ್ಧತಿಯ ಐಪಿ ವಿಳಾಸ 32 ಬಿಟ್ ಉದ್ದ. ಒಟ್ಟು ಸುಮಾರು 429 ಕೋಟಿ ವಿಳಾಸ ಮಾತ್ರ ಸಾಧ್ಯ. ಲೋಕದ ಜನಸಂಖ್ಯೆ ಅದಕ್ಕಿಂತ ಜಾಸ್ತಿ ಇದೆ. ಜಾಗತಿಕ ಖಜಾನೆಯಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲೇ ಹಂಚಿಹೋದವು. ಹಾಗಾಗಿ ಮನೆಯ ಹತ್ತು ಸಾಧನಗಳೂ ಹೊರಗಿನ ಲೋಕಕ್ಕೆ ಒಂದೇ ವಿಳಾಸವಾಗಿ ಕಾಣುತ್ತವೆ. ಯಾವ ಉತ್ತರ ಯಾರದ್ದು ಅಂತ ರೂಟರ್ ಒಳಗೊಂದು ಪಟ್ಟಿ ಇಟ್ಟುಕೊಂಡು ಹಂಚುತ್ತದೆ. ಇದರ ಹೆಸರು ನ್ಯಾಟ್. ಮೊಬೈಲ್ ಕಂಪನಿಗಳು ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡುತ್ತವೆ.

ಇದಕ್ಕೆ ಸರಿಯಾದ ಪರಿಹಾರ 128 ಬಿಟ್‌ನ ಹೊಸ ವಿಳಾಸ, ಐಪಿವಿ6. ಅದರಲ್ಲಿ ಸಿಗುವ ವಿಳಾಸಗಳ ಲೆಕ್ಕ 39 ಅಂಕಿಗಳ ಸಂಖ್ಯೆ. ಹೊಸ ಪದ್ಧತಿಗೆ ಬದಲಾಗುವುದರಲ್ಲಿ ಭಾರತ ಮುಂಚೂಣಿಯಲ್ಲಿದೆ. ನಿಮ್ಮ ಫೋನಿನ ಮೊಬೈಲ್ ಡೇಟಾ ಈಗಾಗಲೇ ಇದನ್ನೇ ಬಳಸುತ್ತಿರುವ ಸಾಧ್ಯತೆ ಹೆಚ್ಚು.

ಹೆಸರು ಹೇಳಿದರೆ ನಂಬರು

ಪ್ಯಾಕೆಟ್ ಮೇಲೆ 'ವಿಕಿಪೀಡಿಯ' ಅಂತ ಬರೆದರೆ ರೂಟರಿಗೆ ಅರ್ಥವಾಗುವುದಿಲ್ಲ, ನಂಬರೇ ಬೇಕು. ಮೊದಮೊದಲು ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ನಂಬರು ಒಂದೇ ಒಂದು ಫೈಲ್‌ನಲ್ಲಿ ಇರುತ್ತಿತ್ತು. ಅದನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಕಂಪ್ಯೂಟರ್ ಬಂದರೆ ಅವರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಿದ ಮೇಲೆ ಎಲ್ಲರೂ ಹೊಸ ಫೈಲ್ ಇಳಿಸಿಕೊಳ್ಳಬೇಕು. ಜಾಲ ಬೆಳೆದಂತೆ ಇದು ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್, ಆ ಒಂದು ಪಟ್ಟಿಯನ್ನು ಲೋಕಕ್ಕೆಲ್ಲ ಹಂಚಿತು.

ಇದು ಹೆಸರನ್ನು ಹಿಂದಿನಿಂದ ಮುಂದಕ್ಕೆ ಓದುತ್ತದೆ. ಕನ್ನಡ ವಿಕಿಪೀಡಿಯದ ವಿಳಾಸದಲ್ಲಿ ಕೆಎನ್, ವಿಕಿಪೀಡಿಯ, ಓಆರ್‌ಜಿ ಅಂತ ಮೂರು ಭಾಗಗಳಿವೆ. ನಿಮ್ಮ ಪರವಾಗಿ ಹುಡುಕುವ ಸರ್ವರ್ (ಕೇಳಿದ್ದಕ್ಕೆ ಉತ್ತರ ಕೊಡುವ ಕಂಪ್ಯೂಟರ್) ಮೊದಲು ಎಲ್ಲಕ್ಕೂ ಮೂಲವಾದ ರೂಟ್ ಸರ್ವರ್‌ಗಳಲ್ಲಿ ಒಂದನ್ನು ಕೇಳುತ್ತದೆ. ಇವಕ್ಕೆ ಒಟ್ಟು 13 ಹೆಸರುಗಳಿವೆ, ಪ್ರತಿ ಹೆಸರಿನ ಹಿಂದೆ ಬೇರೆ ಬೇರೆ ದೇಶಗಳಲ್ಲಿ ಅನೇಕ ಯಂತ್ರಗಳಿವೆ. ರೂಟ್ ಸರ್ವರಿಗೂ ಪೂರ್ತಿ ಉತ್ತರ ಗೊತ್ತಿಲ್ಲ. 'ಓಆರ್‌ಜಿ ನೋಡಿಕೊಳ್ಳುವವರು ಇವರು, ಅವರನ್ನು ಕೇಳು' ಅನ್ನುತ್ತದೆ. ಅವರು 'ವಿಕಿಪೀಡಿಯ ನೋಡಿಕೊಳ್ಳುವವರು ಇವರು' ಅನ್ನುತ್ತಾರೆ. ಕೊನೆಗೆ ವಿಕಿಪೀಡಿಯದ್ದೇ ಸರ್ವರ್ ನಂಬರು ಕೊಡುತ್ತದೆ. ಅದರ ಜೊತೆಗೆ 'ಇಷ್ಟು ಹೊತ್ತು ಇದನ್ನು ನೆನಪಿಟ್ಟುಕೊಳ್ಳಬಹುದು' ಅಂತಲೂ ಹೇಳುತ್ತದೆ. ಅದಕ್ಕೇ ಎರಡನೇ ಸಲ ಇಷ್ಟೆಲ್ಲ ಸುತ್ತಾಟ ಬೇಕಾಗುವುದಿಲ್ಲ.

ಇಲ್ಲಿ ಒಂದು ಜಾಣತನವಿದೆ. ಕೇಳಿದವರು ಎಲ್ಲಿದ್ದಾರೆ ಅನ್ನೋದನ್ನು ನೋಡಿ ವಿಕಿಪೀಡಿಯ ಉತ್ತರ ಬದಲಿಸುತ್ತದೆ. ಅದರ ಮುಖ್ಯ ಕಂಪ್ಯೂಟರ್‌ಗಳು ಇರುವುದು ಅಮೆರಿಕದ ವರ್ಜೀನಿಯ ಮತ್ತು ಟೆಕ್ಸಸ್‌ನಲ್ಲಿ. 2018ರಿಂದ ಸಿಂಗಪುರದಲ್ಲೂ ಒಂದು ಕೇಂದ್ರ ಇದೆ. ಜಾಸ್ತಿ ಓದುವ ಪುಟಗಳ ಪ್ರತಿ ಅಲ್ಲೇ ಇರುತ್ತದೆ. ಬೆಂಗಳೂರಿನಿಂದ ಕೇಳಿದರೆ ಸಾಮಾನ್ಯವಾಗಿ ಸಿಂಗಪುರದ ನಂಬರೇ ಸಿಗುತ್ತದೆ.

ದಾರಿ ಪೂರ್ತಿ ಯಾರಿಗೂ ಗೊತ್ತಿಲ್ಲ

ವಿಳಾಸ ಸಿಕ್ಕಿತು, ಪ್ಯಾಕೆಟ್ ಹೊರಟಿತು. ಮನೆಯ ರೂಟರಿಗೆ ಸಿಂಗಪುರದ ದಾರಿ ಗೊತ್ತಾ? ಇಲ್ಲ. ಅದಕ್ಕೆ ಗೊತ್ತಿರುವುದು ಇಂಟರ್ನೆಟ್ ಕಂಪನಿಯ ಮುಂದಿನ ರೂಟರ್ ಮಾತ್ರ. ಆ ರೂಟರಿಗೆ ಗೊತ್ತಿರುವುದು ಅದರ ಮುಂದಿನದು. ಬೀದರ್‌ನಿಂದ ಮಡಿಕೇರಿಗೆ ಬಸ್ಸು ಬದಲಿಸುತ್ತಾ ಹೊರಟವರು ಕಲಬುರಗಿಯಲ್ಲಿ ಇಳಿದು ಯಾವ ಬಸ್ಸು ಅಂತ ಕೇಳುತ್ತಾರೆ, ಹೊಸಪೇಟೆಯಲ್ಲಿ ಮತ್ತೆ ಕೇಳುತ್ತಾರೆ, ಹಾಸನದಲ್ಲಿ ಮತ್ತೆ. ಹೋಗಬೇಕಾದ ಊರು ಬದಲಾಗುವುದಿಲ್ಲ, ಹತ್ತುವ ಬಸ್ಸು ಮಾತ್ರ ಪ್ರತಿ ಸಲ ಬೇರೆ. ಸಿಂಗಪುರದ ಐಪಿ ವಿಳಾಸ ಆ ಊರಿನ ಹಾಗೆ, ಕೊನೆಯವರೆಗೂ ಒಂದೇ. ಮ್ಯಾಕ್ ವಿಳಾಸ ಬಸ್ಸಿನ ಹಾಗೆ, ಪ್ರತಿ ನಿಲ್ದಾಣದಲ್ಲೂ ಬದಲಾಗುತ್ತದೆ. ಈ ಎರಡು ವಿಳಾಸ ಯಾಕೆ ಬೇಕು ಅಂತ ಹೊಸಬರು ತಲೆ ಕೆಡಿಸಿಕೊಳ್ಳುವುದುಂಟು. ಕಾರಣ ಇಷ್ಟೇ.

ಇಂಟರ್ನೆಟ್ ಅಂದರೆ ಒಂದು ಜಾಲ ಅಲ್ಲ, ಹತ್ತಾರು ಸಾವಿರ ಜಾಲಗಳ ಕೂಟ. ಪ್ರತಿ ದೊಡ್ಡ ಕಂಪನಿ, ವಿಶ್ವವಿದ್ಯಾಲಯ ತನ್ನದೇ ಜಾಲ ನಡೆಸುತ್ತದೆ. 'ಈ ವಿಳಾಸಗಳಿಗೆ ಹೋಗಬೇಕಾದರೆ ನನ್ನ ಮೂಲಕ ಹೋಗಬಹುದು' ಅಂತ ಅವು ಪರಸ್ಪರ ಹೇಳಿಕೊಳ್ಳುತ್ತವೆ. ಹಾಗೆ ಹೇಳಿಕೊಳ್ಳುವ ನಿಯಮಕ್ಕೆ ಬಿಜಿಪಿ ಅನ್ನುತ್ತಾರೆ. ಇದು ಬಹುಮಟ್ಟಿಗೆ ನಂಬಿಕೆಯ ಮೇಲೆ ನಡೆಯುತ್ತದೆ. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಕಂಪನಿ, ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ, ಯೂಟ್ಯೂಬಿನ ದಾರಿ ತನ್ನ ಕಡೆಗಿದೆ ಅಂತ ಘೋಷಿಸಿತು. ಆ ಘೋಷಣೆ ದೇಶದ ಗಡಿ ದಾಟಿತು. ಲೋಕದ ಅನೇಕ ರೂಟರ್‌ಗಳು ಅದನ್ನು ನಂಬಿದವು. ಸುಮಾರು ಎರಡು ಗಂಟೆ ಕಾಲ ಬಹಳಷ್ಟು ದೇಶಗಳಲ್ಲಿ ಯೂಟ್ಯೂಬ್ ಸಿಗಲಿಲ್ಲ. ಈಗ ಇಂಥ ಘೋಷಣೆಗಳನ್ನು ಪರೀಕ್ಷಿಸುವ ವ್ಯವಸ್ಥೆಗಳು ಬಂದಿವೆ, ಆದರೆ ಎಲ್ಲರೂ ಇನ್ನೂ ಅಳವಡಿಸಿಕೊಂಡಿಲ್ಲ.

ದಾರಿ ತಪ್ಪಿದ ಪ್ಯಾಕೆಟ್ ಎರಡು ರೂಟರ್‌ಗಳ ನಡುವೆ ಸುತ್ತುತ್ತಲೇ ಇರಬಾರದಲ್ಲ? ಅದಕ್ಕೆ ಪ್ರತಿ ಪ್ಯಾಕೆಟ್ ಮೇಲೂ 64 ಅಥವಾ 128ರಂಥ ಒಂದು ಸಂಖ್ಯೆ ಬರೆದಿರುತ್ತದೆ. ಪ್ರತಿ ರೂಟರ್ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಗೆ ಬಂದಾಗ ಪ್ಯಾಕೆಟ್ ಕೈಬಿಟ್ಟು, ಸಾಮಾನ್ಯವಾಗಿ ಕಳಿಸಿದವರಿಗೆ ತಿಳಿಸುತ್ತದೆ. ರೂಟರ್ ಬಾಯಿಬಿಟ್ಟು ಹೇಳುವ ಕೆಲವೇ ಸಂದರ್ಭಗಳಲ್ಲಿ ಇದೂ ಒಂದು. ಇದನ್ನೇ ಬಳಸಿ ದಾರಿ ಕಂಡುಹಿಡಿಯಬಹುದು. ಮೊದಲು 1 ಅಂತ ಬರೆದು ಕಳಿಸಿ, ಮೊದಲ ರೂಟರ್ ಉತ್ತರಿಸುತ್ತದೆ. 2 ಅಂತ ಬರೆದರೆ ಎರಡನೆಯದು. ಟ್ರೇಸ್‌ರೂಟ್ ಅನ್ನುವ ಸಾಧನ ಮಾಡುವುದು ಇದನ್ನೇ. ಒಮ್ಮೆ ನಿಮ್ಮ ಮನೆಯಿಂದಲೇ ಮಾಡಿ ನೋಡಿ, ಒಂದೊಂದೇ ರೂಟರ್ ಸಾಲಾಗಿ ಬರುವುದನ್ನು ನೋಡುವುದು ಬಹಳ ಖುಷಿ ಕೊಡುತ್ತದೆ.

ಭಾರತದಿಂದ ಹೊರಗೆ ಹೋಗುವ ಮಾಹಿತಿ ಹೆಚ್ಚಾಗಿ ಸಮುದ್ರದ ತಳದ ಫೈಬರ್ ಕೇಬಲ್‌ಗಳಲ್ಲಿ ಹೋಗುತ್ತದೆ, ಉಪಗ್ರಹದ ಮೂಲಕ ಅಲ್ಲ. ಈ ಕೇಬಲ್‌ಗಳು ಮುಂಬೈ, ಚೆನ್ನೈ, ಕೊಚ್ಚಿ ಮುಂತಾದ ಕಡೆ ದಡ ಸೇರುತ್ತವೆ. ಚೆನ್ನೈಯಿಂದ ಸಿಂಗಪುರಕ್ಕೆ ನೇರ ಕೇಬಲ್‌ಗಳಿವೆ. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಹತ್ತಿರ ಕೇಬಲ್ ತುಂಡಾದಾಗ ಭಾರತದಲ್ಲೂ ಇಂಟರ್ನೆಟ್ ನಿಧಾನವಾಗಿತ್ತು.

ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ ಹೆಚ್ಚುಕಡಿಮೆ 3,200 ಕಿ.ಮೀ. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡ್ ಬೇಕು. ವರ್ಜೀನಿಯ 13,500 ಕಿ.ಮೀ.ಗೂ ದೂರ. ಹೋಗಿ ಬರುವುದಕ್ಕೆ 135 ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ, ಕೇಬಲ್ ಸುತ್ತಿಬಳಸಿ ಹೋಗುವುದರಿಂದ ಇನ್ನೂ ಜಾಸ್ತಿ ಆಗುತ್ತದೆ. ನೀವು ಎಷ್ಟೇ ದುಬಾರಿ ಪ್ಲಾನ್ ಹಾಕಿಸಿದರೂ ಈ ಹೊತ್ತು ಕಡಿಮೆ ಆಗುವುದಿಲ್ಲ. ಹೆಚ್ಚು ಎಂಬಿಪಿಎಸ್ ಅಂದರೆ ಒಂದೇ ಹೊತ್ತಿಗೆ ಹೆಚ್ಚು ಮಾಹಿತಿ ಹಿಡಿಸುತ್ತದೆ ಅಂತ ಅರ್ಥ, ಬೆಳಕು ಬೇಗ ಓಡುತ್ತದೆ ಅಂತಲ್ಲ. ಸಿಂಗಪುರದಲ್ಲಿ ಕೇಂದ್ರ ಇಟ್ಟಿದ್ದರ ಲಾಭ ಇಲ್ಲಿದೆ.

ಎರಡು ತುದಿಗಳ ಒಪ್ಪಂದ

ಈಗ ಮೊದಲ ಪ್ರಶ್ನೆಗೆ ಬರೋಣ. ರೂಟರಿಗೆ ಬರುವ ಪ್ಯಾಕೆಟ್‌ಗಳು ಜಾಸ್ತಿಯಾದರೆ ಅದು ತನಗೆ ಹಿಡಿಸದವನ್ನು ಬಿಟ್ಟುಬಿಡುತ್ತದೆ. ವೈಫೈನಲ್ಲಿ ಕೆಲವು ಕೆಟ್ಟುಹೋಗುತ್ತವೆ. ಕೆಲವು ಹಿಂದುಮುಂದಾಗಿ ಬರುತ್ತವೆ. ಇಷ್ಟಾದರೂ ಪುಟ ಸರಿಯಾಗಿ ಬರಬೇಕಾದರೆ ಯಾರಾದರೂ ಲೆಕ್ಕ ಇಡಬೇಕು. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಸಿಕ್ಕ ಉತ್ತರ: ನಡುವಿನ ಜಾಲ ಸರಳವಾಗಿರಲಿ, ಲೆಕ್ಕವನ್ನು ಎರಡು ತುದಿಯ ಕಂಪ್ಯೂಟರ್‌ಗಳೇ ಇಟ್ಟುಕೊಳ್ಳಲಿ. ಅದೇ ಟಿಸಿಪಿ. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಇದಕ್ಕೆ ಬದಲಾಯಿತು. ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಎಂಟು ಸಂಸ್ಥೆಗಳ ಎರ್ನೆಟ್ ಅನ್ನುವ ಜಾಲದ ಯೋಜನೆ 1986ರಲ್ಲಿ ಶುರುವಾಯಿತು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ.

ಟಿಸಿಪಿಯಲ್ಲಿ ಮಾತು ಶುರುವಾಗುವುದು ಮೂರು ಪ್ಯಾಕೆಟ್‌ಗಳಿಂದ. ಲ್ಯಾಪ್‌ಟಾಪ್: 'ಮಾತಾಡಬೇಕು, ನನ್ನ ಎಣಿಕೆ ಇಲ್ಲಿಂದ ಶುರು.' ಸರ್ವರ್: 'ಕೇಳಿಸಿತು, ನನ್ನ ಎಣಿಕೆ ಇಲ್ಲಿಂದ ಶುರು.' ಲ್ಯಾಪ್‌ಟಾಪ್: 'ನನಗೂ ಕೇಳಿಸಿತು.' ಆಮೇಲೆ ಪ್ರತಿ ಬೈಟ್‌ಗೂ ಒಂದು ಕ್ರಮಸಂಖ್ಯೆ.

ಒಂದು ಪ್ಯಾಕೆಟ್ ಕಳೆದುಹೋದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ಸರ್ವರ್ ಐದು ಪ್ಯಾಕೆಟ್ ಕಳಿಸಿತು. ಮೊದಲನೆಯದರಲ್ಲಿ 1ರಿಂದ 1460ರವರೆಗಿನ ಬೈಟ್, ಎರಡನೆಯದರಲ್ಲಿ 1461ರಿಂದ 2920, ಹೀಗೆ ಐದನೆಯದು 7300ಕ್ಕೆ ಮುಗಿಯುತ್ತದೆ. ಎರಡನೆಯದು ದಾರಿಯಲ್ಲಿ ಬಿದ್ದುಹೋಯಿತು. ಮೊದಲನೆಯದು ಬಂದಾಗ ಲ್ಯಾಪ್‌ಟಾಪ್ 'ಇನ್ನು 1461 ಬೇಕು' ಅಂದಿತು. ಮೂರನೆಯದು ಬಂತು. ಅದನ್ನು ಎತ್ತಿಟ್ಟುಕೊಂಡು ಮತ್ತೆ '1461 ಬೇಕು' ಅಂದಿತು. ನಾಲ್ಕನೆಯದು ಬಂತು, '1461 ಬೇಕು'. ಐದನೆಯದು ಬಂತು, '1461 ಬೇಕು'. ಅದೇ ಮಾತು ಮೂರು ಸಲ ಮರುಕಳಿಸಿದಾಗ ಸರ್ವರಿಗೆ ಅರ್ಥವಾಯಿತು. ಎರಡನೆಯ ಪ್ಯಾಕೆಟ್ ಮಾತ್ರ ಮತ್ತೆ ಕಳಿಸಿತು. ಅದು ಬಂದ ಕೂಡಲೇ ಲ್ಯಾಪ್‌ಟಾಪ್ ಒಂದೇ ನೆಗೆತಕ್ಕೆ '7301 ಬೇಕು' ಅಂದಿತು. ಕಳೆದುಹೋಗಿದೆ ಅಂತ ನಡುವಿನ ರೂಟರ್ ಯಾರಿಗೂ ಹೇಳಲಿಲ್ಲ. ತುದಿಯಲ್ಲಿರುವ ಇಬ್ಬರೇ ಅದನ್ನು ಪತ್ತೆ ಮಾಡಿ ಸರಿಪಡಿಸಿಕೊಂಡರು. ಯಾವ ಉತ್ತರವೂ ಬರದಿದ್ದರೆ ಸರ್ವರ್ ಸ್ವಲ್ಪ ಹೊತ್ತು ಕಾದು ತಾನಾಗಿಯೇ ಮತ್ತೆ ಕಳಿಸುತ್ತದೆ.

ಆದರೆ ಇದರಲ್ಲೇ ಒಂದು ಅಪಾಯ ಅಡಗಿತ್ತು. 1986ರ ಅಕ್ಟೋಬರ್‌ನಲ್ಲಿ ಅದು ಹೊರಬಂತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಅವುಗಳ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ದಾರಿ ತುಂಬಿದ್ದರಿಂದ ಪ್ಯಾಕೆಟ್ ಬೀಳುತ್ತಿತ್ತು, ಬಿದ್ದದ್ದನ್ನು ಎಲ್ಲರೂ ಮತ್ತೆ ಮತ್ತೆ ಕಳಿಸುತ್ತಿದ್ದರು, ದಾರಿ ಇನ್ನೂ ತುಂಬುತ್ತಿತ್ತು. ವ್ಯಾನ್ ಜೇಕಬ್ಸನ್ ಇದನ್ನು ಅಭ್ಯಾಸ ಮಾಡಿ 1988ರಲ್ಲಿ ಪರಿಹಾರ ಪ್ರಕಟಿಸಿದರು. ಮೊದಲು ಕಡಿಮೆ ಕಳಿಸಿ. ಸರಿಯಾಗಿ ತಲುಪಿದರೆ ಹೆಚ್ಚಿಸಿ. ಪ್ಯಾಕೆಟ್ ಬಿದ್ದರೆ ದಾರಿ ತುಂಬಿದೆ ಅಂತ ತಿಳಿದು ವೇಗ ತಗ್ಗಿಸಿ, ಆಮೇಲೆ ಮೆಲ್ಲಗೆ ಏರಿ. ಈಗ ಈ ವಿಧಾನದ ಅನೇಕ ಸುಧಾರಿತ ರೂಪಗಳು ಬಂದಿವೆ. ಸಾಮಾನ್ಯವಾಗಿ ಸರ್ವರ್ ಮೊದಲ ಸುತ್ತಿನಲ್ಲಿ ಹತ್ತು ಪ್ಯಾಕೆಟ್ ಕಳಿಸಿ ನೋಡುತ್ತದೆ. ದೊಡ್ಡ ಫೈಲ್ ಇಳಿಸುವಾಗ ವೇಗ ಶುರುವಿನಲ್ಲಿ ಕಡಿಮೆ ಇದ್ದು ಆಮೇಲೆ ಏರುವುದಕ್ಕೆ ಇದೂ ಒಂದು ಕಾರಣ.

ಇಂಟರ್ನೆಟ್ಟಿನ ಎಲ್ಲ ವಿಚಾರಗಳಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಇದರ ಮೇಲೆ. ಲೋಕದ ಕೋಟಿಗಟ್ಟಲೆ ಕಂಪ್ಯೂಟರ್‌ಗಳಿಗೆ ನಿಧಾನ ಮಾಡಿ ಅಂತ ಆಜ್ಞೆ ಮಾಡುವ ಯಜಮಾನ ಯಾರೂ ಇಲ್ಲ. ಪ್ರತಿಯೊಂದೂ ತಾನೇ ನೋಡಿ, ಇತರರಿಗೆ ಜಾಗ ಬಿಡುತ್ತದೆ.

ಎಲ್ಲಕ್ಕೂ ಈ ಲೆಕ್ಕ ಬೇಕಿಲ್ಲ. ವಿಡಿಯೊ ಕರೆಯಲ್ಲಿ ಒಂದು ತುಂಡು ಮಾತು ಬಿದ್ದುಹೋದರೆ, ಅದನ್ನು ಎರಡು ಸೆಕೆಂಡ್ ಬಿಟ್ಟು ತಂದುಕೊಟ್ಟು ಏನು ಪ್ರಯೋಜನ? ಅದಕ್ಕೆ ಕರೆಗಳು ಹೆಚ್ಚಾಗಿ ಯುಡಿಪಿ ಅನ್ನುವ ಸರಳ ನಿಯಮ ಬಳಸುತ್ತವೆ. ಕಳಿಸಿದ್ದು ಕಳಿಸಿದ್ದೇ, ಹೋದದ್ದು ಹೋಯಿತು. ನೆಟ್ ಸರಿ ಇಲ್ಲದಾಗ ಕರೆಯಲ್ಲಿ ಅಮ್ಮನ ಮಾತು ತುಂಡುತುಂಡಾಗುತ್ತದೆ, ಆದರೆ ಅಮ್ಮ ಟೈಪ್ ಮಾಡಿ ಕಳಿಸಿದ ಸಂದೇಶ ತಡವಾದರೂ ಪೂರ್ತಿ ಬರುತ್ತದೆ. ವ್ಯತ್ಯಾಸ ಇರುವುದು ಇಲ್ಲಿ.

ಬೀಗ ಏನನ್ನು ಕಾಯುತ್ತದೆ?

ಒಂದೇ ಸರ್ವರ್ ಹಲವು ಕೆಲಸ ಮಾಡುತ್ತಿರಬಹುದು. ಯಾವ ಕೆಲಸಕ್ಕೆ ಬಂದದ್ದು ಅಂತ ತಿಳಿಸಲು ಪ್ಯಾಕೆಟ್ ಮೇಲೆ ಪೋರ್ಟ್ ಸಂಖ್ಯೆ ಇರುತ್ತದೆ. ಬೀಗ ಹಾಕಿದ, ಅಂದರೆ ನಡುವೆ ಯಾರೂ ಓದದ ಹಾಗೆ ಕಳಿಸುವ ವೆಬ್ ಪುಟಗಳಿಗೆ ಅದು 443. ವಿಕಿಪೀಡಿಯ 2015ರಿಂದ ಎಲ್ಲ ಪುಟಗಳನ್ನೂ ಹೀಗೇ ಕೊಡುತ್ತಿದೆ.

ಪುಟ ಕೇಳುವ ಮುಂಚೆ ಲ್ಯಾಪ್‌ಟಾಪ್ ಮತ್ತು ಸರ್ವರ್ ಒಂದು ಗುಟ್ಟಿನ ಸಂಖ್ಯೆಗೆ ಒಪ್ಪಿಕೊಳ್ಳುತ್ತವೆ. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡವರಿಗೂ ಆ ಸಂಖ್ಯೆ ಸಿಗದಂತೆ ಮಾಡುವ ಗಣಿತವನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ತೋರಿಸಿಕೊಟ್ಟರು. ಆಮೇಲೆ ಹೋಗುವುದೆಲ್ಲ ಆ ಸಂಖ್ಯೆಯಿಂದ ಕಲಸಿದ ಬೈಟ್‌ಗಳು. ರೈಲ್ವೆ ಸ್ಟೇಷನ್ನಿನ ವೈಫೈ ನಡೆಸುವವರಿಗೆ ನೀವು ವಿಕಿಪೀಡಿಯಕ್ಕೆ ಹೋದದ್ದು ಸಾಮಾನ್ಯವಾಗಿ ತಿಳಿಯುತ್ತದೆ, ಓದಿದ್ದು ಹಂಪಿಯ ಪುಟ ಅನ್ನೋದು ತಿಳಿಯುವುದಿಲ್ಲ.

ಒಂದು ಎಚ್ಚರಿಕೆ ಮನೆಯವರಿಗೆಲ್ಲ ಹೇಳಿಡಿ. ಕೆಲವು ಬ್ರೌಸರ್‌ಗಳಲ್ಲಿ ವಿಳಾಸದ ಪಕ್ಕ ಕಾಣುವ ಬೀಗದ ಗುರುತು ಅಂದರೆ ನಡುವೆ ಯಾರೂ ಕದ್ದು ಕೇಳುತ್ತಿಲ್ಲ ಅಂತ ಮಾತ್ರ ಅರ್ಥ. ಆಚೆ ಕಡೆ ಕೂತವರು ಒಳ್ಳೆಯವರು ಅಂತ ಅಲ್ಲ. ಬ್ಯಾಂಕಿನ ಹೆಸರಿನಲ್ಲಿ ಮೋಸ ಮಾಡುವವರ ತಾಣಕ್ಕೂ ಬೀಗ ಇರುತ್ತದೆ. ತಾಣದ ಹೆಸರಿನ ಒಂದೊಂದು ಅಕ್ಷರವನ್ನೂ ಓದಿ ನೋಡುವುದೊಂದೇ ದಾರಿ.

ಇಷ್ಟಾದ ಮೇಲೆ ಉಳಿಯುವುದು ಸುಲಭದ ಕೆಲಸ. ಬ್ರೌಸರ್ 'ಹಂಪಿ ಪುಟ ಕೊಡಿ' ಅಂತ ಕೇಳುತ್ತದೆ. ಸರ್ವರ್ 200 ಅನ್ನುವ ಸಂಖ್ಯೆಯ ಜೊತೆ ಪುಟ ಕೊಡುತ್ತದೆ. ಇಲ್ಲದ ಪುಟ ಕೇಳಿದರೆ ನಿಮಗೆಲ್ಲ ಪರಿಚಯವಿರುವ 404.

ನೆಟ್ ಇಲ್ಲ ಅಂದಾಗ

ಹಂತಗಳು ಗೊತ್ತಿದ್ದರೆ ಎಲ್ಲಿ ಕೈಕೊಟ್ಟಿದೆ ಅಂತ ಹುಡುಕಬಹುದು. ಮೊದಲು ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ನೋಡಿ. 169.254 ಅಂತ ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟೇ ಇಲ್ಲ. ವೈಫೈ ಬಿಟ್ಟು ಮತ್ತೆ ಸೇರಿ, ಆಗದಿದ್ದರೆ ರೂಟರ್ ಆಫ್ ಮಾಡಿ ಆನ್ ಮಾಡಿ.

ವಿಳಾಸ ಸರಿ ಇದೆಯಾ? ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್ ತೆರೆದು, ಪಿಂಗ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಪಕ್ಕದಲ್ಲಿ ರೂಟರಿನ ನಂಬರು ಕೊಡಿ. ಬಹಳ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಉತ್ತರ ಬರದಿದ್ದರೆ ತೊಂದರೆ ಮನೆಯೊಳಗೇ ಇರುವ ಸಂಭವ ಹೆಚ್ಚು. ಬಂದರೆ, 8.8.8.8ಕ್ಕೆ ಪಿಂಗ್ ಮಾಡಿ. ಅದು ಗೂಗಲ್ ನಡೆಸುವ ಡಿಎನ್‌ಎಸ್ ಸರ್ವರಿನ ವಿಳಾಸ. ರೂಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ಹೊರಗಿನ ಲೈನ್ ಹೋಗಿರುತ್ತದೆ, ಕಂಪನಿಗೆ ಫೋನ್ ಮಾಡಬೇಕು. 'ರೂಟರ್‌ವರೆಗೆ ಸಿಗುತ್ತಿದೆ, ಆಚೆಗೆ ಸಿಗುತ್ತಿಲ್ಲ' ಅಂತ ಹೇಳಿದರೆ ಅವರು ಕೇಳುವ ಅರ್ಧ ಪ್ರಶ್ನೆಗಳು ತಪ್ಪುತ್ತವೆ.

8.8.8.8 ಉತ್ತರಿಸುತ್ತಿದೆ, ಆದರೆ ಹೆಸರು ಕೊಟ್ಟರೆ ಯಾವ ತಾಣವೂ ತೆರೆಯುತ್ತಿಲ್ಲ ಅಂದರೆ, ದಾರಿ ಸರಿ ಇದೆ, ಡಿಎನ್‌ಎಸ್ ಕೆಟ್ಟಿದೆ. ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಸರ್ವರ್ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಲ್ಲ ತಾಣಗಳೂ ತೆರೆಯುತ್ತಿವೆ, ಒಂದು ಮಾತ್ರ ಬರುತ್ತಿಲ್ಲ ಅಂದರೆ ತೊಂದರೆ ಬಹುಶಃ ಆ ತಾಣದವರ ಕಡೆ ಇದೆ. ಆಗ ಮನೆಯ ರೂಟರನ್ನು ಎಷ್ಟು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ.